ಗುಲಾಬಿಯ ಮಗುವನ್ನು ಕೇಳಲು ಹೋದದ್ದು

ನಮ್ಮ ಸ್ತ್ರೀ ಸಮಾಜದ ಇಬ್ಬರು ಹುಡುಗಿಯರು ಈ ವರ್ಷ ಸಭಾಪಾಲಕರನ್ನು ಮದುವೆಯಾಗುತ್ತಿದ್ದಾರೆ. ಅವರಿಗೆ ಉಪಯೋಗವಾಗುವ ಹಾಗೆ ನಿಮ್ಮ ಸೇವೆಯ ಅನುಭವ ಬರೆದುಕೊಡಿ ಎಂದು ಕಾರ್ಯದರ್ಶಿ ಬಂದು ಕೇಳಿದಾಗ ನನಗೆ ಮೊದಲು ನಗು ಬಂತು, ಮತ್ತೆ ಸಿಟ್ಟು ಬಂತು. ಅದು ನನ್ನ ಸೇವೆ ಎಂದು ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ಉಪದೇಶಿಯಾಗಿ ನೇಮಕವಾದವರು ನಮ್ಮವರು. ಊರೂರು ತಿರುಗಿ ಬೋಧನೆ ಮಾಡುವುದು ಅವರ ಕೆಲಸ, ನಿವೃತ್ತಿಯ ದಿನ ಹಾರ ಬಿದ್ದದ್ದು ಅವರ ಕುತ್ತಿಗೆಗೆ. ನಾನು ಜೆಪ್ಪುವಿನ ಮಿಶನ್ ಮನೆಯ ಬೀಗದ ಕೈಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ಹೊಸ ಉಪದೇಶಿಯ ಹೆಂಡತಿಗೆ ಕೊಟ್ಟೆ. ನನ್ನ ನಿವೃತ್ತಿ ಅಂದರೆ ಅದೇ. ಆ ಹುಡುಗಿ ಬೀಗದ ಕೈ ಹಿಡಿದುಕೊಂಡು, ಇಲ್ಲಿ ಎಂತ ಕೆಲಸ ಇರ್ತದೆ ಅಕ್ಕ ಎಂದು ಕೇಳಿದಳು. ಮೊದಲು ಅಕ್ಕಿ ನೆನೆಹಾಕು, ಮತ್ತೆ ಹೇಳ್ತೇನೆ ಎಂದೆ. ಹೇಳಲು ಪುರುಸೊತ್ತೇ ಆಗಲಿಲ್ಲ. ಈಗ ಹೇಳುತ್ತೇನೆ.

ಆ ಕಾಲದಲ್ಲಿ ನಮ್ಮಲ್ಲೊಂದು ಕ್ರಮ ಇತ್ತು. ನಮ್ಮ ಕ್ರೈಸ್ತ ವೇದ ಏನು ಹೇಳುತ್ತದೆ ಎಂದು ತಿಳಿಯಲು ಯಾರಾದರೂ ಮನೆ ಬಿಟ್ಟು ಬಂದರೆ, ದೀಕ್ಷಾಸ್ನಾನ ಆಗುವವರೆಗೆ ಅವರು ಉಪದೇಶಿಯ ಮನೆಯಲ್ಲೇ ಇರಬೇಕು. ಅವರನ್ನು ನಾವು ವಿಚಾರಿಸುವವರು ಎನ್ನುತ್ತಿದ್ದೆವು. ಮಿಶನ್ನಿನವರಿಗೆ ಅವರು ಆತ್ಮಗಳು. ನನಗೆ ಅವರು ಹೊಟ್ಟೆಗಳು. ಒಬ್ಬ ಘಟ್ಟದ ಮೇಲಿನಿಂದ ಬಂದವ ಮಳೆಗಾಲ ಪೂರ್ತಿ ನಮ್ಮ ಜಗಲಿಯಲ್ಲಿದ್ದ. ಗೀತೆಗಳನ್ನೆಲ್ಲ ಬಾಯಿಪಾಠ ಮಾಡಿದ, ನಮ್ಮವರಿಗಿಂತ ಚೆನ್ನಾಗಿ ಹಾಡುತ್ತಿದ್ದ. ಮಳೆ ಬಿಟ್ಟ ವಾರ, ನನ್ನ ಸಂಶಯ ಪೂರ್ತಿ ಪರಿಹಾರವಾಗಲಿಲ್ಲ ಎಂದು ಹೇಳಿ ಹೋದ. ಹೋಗುವಾಗ ನಮ್ಮವರು ಅವನಿಗೆ ತಮ್ಮ ಕೊಡೆಯನ್ನೂ ಕೊಟ್ಟರು. ಮಳೆ ಬಿಟ್ಟಿದೆಯಲ್ಲ, ಕೊಡೆ ಯಾಕೆ ಎಂದು ನಾನು ಕೇಳಿದ್ದಕ್ಕೆ, ಬಿಸಿಲಿಗೆ ಎಂದರು.

ವಿಚಾರಿಸುವವರು ಬಂದಾಗ ಮಕ್ಕಳ ಮಂಚ ಅವರಿಗೆ, ಮಕ್ಕಳಿಗೆ ನೆಲದ ಚಾಪೆ. ಹುರಿದ ಮೀನಿನ ನಡು ತುಂಡು ಅವರಿಗೆ, ಬಾಲ ಮಕ್ಕಳಿಗೆ. ನಮ್ಮ ದೊಡ್ಡವಳು ಎಲ್ಸಿ ಒಂದು ದಿನ ಎಲೆಯ ಮುಂದೆ ಕೂತು ಗಂಭೀರವಾಗಿ ಕೇಳಿದಳು: "ಅಮ್ಮ, ನಾವು ಯಾವಾಗ ವಿಚಾರಿಸುವವರು ಆಗುವುದು?" ನಮ್ಮವರು ನಕ್ಕು ನಕ್ಕು ಕೆಮ್ಮಿದರು. ನನಗೆ ನಗು ಬರಲಿಲ್ಲ. ಆದರೂ ದೇವರ ಉಪಕಾರ ಹೇಳಬೇಕು, ಅಷ್ಟು ಜನ ಬಂದು ಹೋದ ಮನೆಯಲ್ಲಿ ಅಕ್ಕಿ ಮಡಕೆಯ ತಳ ಕಂಡದ್ದುಂಟು, ಮಡಕೆ ಖಾಲಿಯಾದದ್ದಿಲ್ಲ.

ಕೆಲಸದ ಉಪಾಯಗಳು ಕಾಲಕ್ಕೆ ತಕ್ಕ ಹಾಗೆ ಬದಲಾದವು. ನಾನು ಮದುವೆಯಾಗಿ ಬಂದಾಗ ಹಾರ್ಮೋನಿಯಂ ಹೊತ್ತುಕೊಂಡು ಸಂತೆಯಲ್ಲಿ ನಿಂತು ಹಾಡುವುದಿತ್ತು. ಮತ್ತೆ ದೀಪದ ಪೆಟ್ಟಿಗೆ ಬಂತು. ಗಾಜಿನ ಮೇಲಿನ ಚಿತ್ರವನ್ನು ಅದರಲ್ಲಿಟ್ಟರೆ ಬಿಳಿ ಬಟ್ಟೆಯ ಮೇಲೆ ದೊಡ್ಡದಾಗಿ ಬೀಳುತ್ತಿತ್ತು. ಪೆಟ್ಟಿಗೆ ಮಿಶನ್ನಿನದು, ಬಿಳಿ ಬಟ್ಟೆ ನನ್ನ ತವರಿನಿಂದ ಬಂದ ಹೊದಿಕೆ. ಉಳ್ಳಾಲದ ಕಡಲ ಬದಿಯಲ್ಲಿ ದೋಣಿಯ ಎರಡು ಹುಟ್ಟುಗಳನ್ನು ಮರಳಲ್ಲಿ ನೆಟ್ಟು ಅದನ್ನು ಕಟ್ಟಿದರು. ಮೀನು ಹಿಡಿಯುವ ಮೊಗವೀರರು ಹೆಂಗಸರು ಮಕ್ಕಳ ಸಮೇತ ಬಂದು ಕೂತರು. ಶಿಷ್ಯರ ಬಲೆಯಲ್ಲಿ ಮೀನು ತುಂಬಿ ತುಳುಕುವ ಚಿತ್ರ ಬಂತು ನೋಡಿ, ಇನ್ನೊಮ್ಮೆ ತೋರಿಸಿ ಎಂದು ಬೊಬ್ಬೆ. ತೋರಿಸಿದರು. ಅದು ಬಂಗುಡೆಯಾ ಬೂತಾಯಿಯಾ ಎಂದು ಅವರಲ್ಲೇ ಎರಡು ಪಕ್ಷವಾಯಿತು. ಇತ್ಯರ್ಥಕ್ಕೆ ಮತ್ತೊಮ್ಮೆ ತೋರಿಸಬೇಕಾಯಿತು. ಮುಂದಿನ ಚಿತ್ರ ಹಾಕಿದರೆ ಮುಖ ತಿರುಗಿಸುತ್ತಿದ್ದರು. ಹೀಗೆ ಬಲೆಯ ಚಿತ್ರವನ್ನೇ ತೋರಿಸಿ ತೋರಿಸಿ ದೀಪದ ಎಣ್ಣೆ ಮುಗಿಯಿತು. ಶಿಲುಬೆಯೂ ಇಲ್ಲ, ಪುನರುತ್ಥಾನವೂ ಇಲ್ಲ. ವಾಪಸ್ ಬರುವಾಗ ದೋಣಿಯಲ್ಲಿ ನಮ್ಮವರು, ಇವತ್ತು ಅವರ ಮನಸ್ಸು ಮುಟ್ಟಿದೆ ಎಂದರು. ನಾನು ಹೊದಿಕೆಯ ಮರಳು ಕೊಡವುತ್ತಿದ್ದೆ. ಅದು ಹರಿಯದೆ ಬಂದದ್ದೇ ನನಗೆ ಆ ದಿನದ ಉಪಕಾರ.

ಮನೆ ಮನೆಗೆ ಹೋಗಿ ಹೆಂಗಸರ ಹತ್ತಿರ ಮಾತಾಡುವುದು ನನ್ನ ಪಾಲಿನ ಕೆಲಸ. ಉಳ್ಳಾಲದಲ್ಲಿ ಐಸಮ್ಮ ಎಂಬ ಬ್ಯಾರಿ ಮುಸಲ್ಮಾನ ಹೆಂಗಸು ಇದ್ದರು, ಗಂಡನಿಗೆ ಬಂದರಿನಲ್ಲಿ ಅಂಗಡಿ. ಹೋದರೆ ಬಾಯಿತುಂಬ ಮಾತಾಡಿಸುವರು. ನಾನು ಚೀಲದಿಂದ ಪುಸ್ತಕ ತೆಗೆದು ಮರಿಯಮ್ಮನ ಕಥೆ ಶುರು ಮಾಡಿದರೆ ಮುಂದಿನ ಭಾಗವನ್ನು ಅವರೇ ಹೇಳುವರು. "ಇದೆಲ್ಲ ನಮ್ಮಲ್ಲೂ ಉಂಟು ಅಮ್ಮ. ಕಥೆ ನನಗೆ ಗೊತ್ತುಂಟು. ನಿಮ್ಮ ಚೀಲದ ಈ ಕ್ರೋಷ ಹೆಣಿಗೆಯ ಗಂಟು ಹಾಕುವುದು ಹೇಗೆ, ಅದನ್ನು ಹೇಳಿ." ಹೀಗೆ ವರ್ಷಗಟ್ಟಲೆ ನಾನು ಕ್ರೋಷ ಕಲಿಸಿದೆ, ಅವರು ನನಗೆ ಕಾಗದದಂಥ ಅಕ್ಕಿ ರೊಟ್ಟಿ ಮಾಡುವುದನ್ನು ಕಲಿಸಿದರು. ಆ ಮನೆಯ ಸೇವೆಯ ಫಲ ಏನು ಎಂದು ನಮ್ಮ ಮೇಲಿನವರು ಕೇಳಿದಾಗ, ಒಂದು ಮೇಜಿನ ಬಟ್ಟೆ ಮುಗಿದಿದೆ, ಇನ್ನೊಂದು ಶುರುವಾಗಿದೆ ಎಂದೆ.

ಮೇಲಿನವರು ಎಂದೆನಲ್ಲ, ಆಗಿನ್ನೂ ಮಿಶನ್ನಿನ ಒಬ್ಬ ಮುದಿ ದೊರೆಸಾನಿ ತಮ್ಮ ದೇಶಕ್ಕೆ ವಾಪಸ್ ಹೋಗದೆ ಉಳಿದಿದ್ದರು. ಉಪದೇಶಿಗಳ ಮನೆ ನೋಡಲು ಹೇಳದೆ ಕೇಳದೆ ಬರುವರು. ಬಂದವರು ಸೀದಾ ಅಡುಗೆಕೋಣೆಗೆ. ಪಾತ್ರೆಗಳ ಮುಚ್ಚಳ ತೆಗೆದು ನೋಡುವರು. ಸಾರು ತೆಳುವಾಗಿದ್ದರೆ, ಅತಿಥಿಗಳನ್ನು ಹೀಗಾ ನೋಡಿಕೊಳ್ಳುವುದು ಎನ್ನುವರು. ದಪ್ಪವಾಗಿದ್ದರೆ, ಉಪದೇಶಿಯ ಮನೆಯಲ್ಲಿ ಇಷ್ಟು ತೆಂಗಿನಕಾಯಿಯಾ ಎನ್ನುವರು. ಮುಚ್ಚಳ ತೆಗೆಯುವ ಹೊತ್ತಿಗೆ ಸಾರು ಎಷ್ಟು ದಪ್ಪ ಇರಬೇಕು ಎಂದು ನನಗೆ ಕಡೆಯವರೆಗೂ ಗೊತ್ತಾಗಲಿಲ್ಲ. ಹೆಂಗಸು ಒಳ್ಳೆಯವರೇ. ನಮ್ಮ ಸಣ್ಣವನಿಗೆ ಜ್ವರ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದರು. ಆಗ ಮಾತ್ರ ಮುಚ್ಚಳಗಳ ಕಡೆಗೆ ಹೋಗಲಿಲ್ಲ.

ಕನ್ನಡದ ಜಿಲ್ಲೆಗಳೆಲ್ಲ ಒಂದೇ ರಾಜ್ಯವಾದ ಮೇಲೆ ಧಾರವಾಡದ ಕಡೆಯಿಂದ ಒಬ್ಬ ಅಯ್ಯನವರು ನಮ್ಮ ಸಭೆಗೆ ಸಭಾಪಾಲಕರಾಗಿ ಬಂದರು. ಓದಿದವರು, ನೇರ ಮನುಷ್ಯ, ಮೀನಿನ ವಾಸನೆ ಆಗುತ್ತಿರಲಿಲ್ಲ. ಕಡವಿನ ದೋಣಿ ಹತ್ತಿದರೆ ತಲೆ ತಿರುಗುತ್ತದೆ ಎಂದು ನದಿಯ ಆಚೆಗಿನ ಕೆಲಸವನ್ನೆಲ್ಲ ನಮ್ಮ ಮೇಲೆ ಬಿಟ್ಟಿದ್ದರು. ಗುಲಾಬಿಯ ವಿಷಯ ಆದದ್ದು ಅವರ ಕಾಲದಲ್ಲಿ. ಈ ಕೆಲಸ ಎಂಥದ್ದು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಅದೇ.

ಗುಲಾಬಿ ನಮ್ಮ ಓಣಿಗೆ ಮೀನು ತರುತ್ತಿದ್ದ ಮೊಗವೀರ ಹುಡುಗಿ. ಗಂಡನ ಮನೆ ಬೋಳಾರದ ನದಿ ಬದಿ, ತಾಯಿ ಮನೆ ಆಚೆ ಉಳ್ಳಾಲ. ಒಂದು ಬೆಳಿಗ್ಗೆ ಬಂದವಳು ಬುಟ್ಟಿ ಇಳಿಸಿದಳು, ಮೀನು ಕೊಟ್ಟಳು, ಎದ್ದು ಹೋಗಲಿಲ್ಲ. ನಾನು ಮೀನು ಕೊಯ್ದು, ತೊಳೆದು, ಒಲೆಯ ಮೇಲಿಟ್ಟು ಬಂದು ನೋಡಿದರೂ ಮೆಟ್ಟಿಲಲ್ಲೇ ಕೂತಿದ್ದಾಳೆ. ಸೆರಗು ಜಾರಿದಾಗ ಭುಜದ ಬಾಸುಂಡೆ ಕಂಡಿತು. ಗಂಡ ಸಂಜೀವ ಕುಡಿದು ಹೊಡೆಯುತ್ತಿದ್ದ. ಆ ದಿನ ಇವಳು ಹೊರಟು ನಿಂತಾಗ ಅತ್ತೆ ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿದಳಂತೆ. ಆಗಷ್ಟೇ ಓಡಾಡಲು ಕಲಿತ ಹೆಣ್ಣು ಮಗು, ಚಿನ್ನು ಎಂದು ಕರೆಯುತ್ತಿದ್ದರು. ತಾಯಿಯ ಮನೆಗೆ ಹೋಗು ಎಂದೆ. ಸೋದರಮಾವ ನೋಡಿದ ಹುಡುಗನನ್ನು ಬೇಡವೆಂದು ತಾನೇ ಮೆಚ್ಚಿ ಸಂಜೀವನನ್ನು ಕಟ್ಟಿಕೊಂಡವಳು, ಈಗ ಯಾವ ಮುಖದಲ್ಲಿ ಹೋಗುವುದು ಎಂದಳು. ಮತ್ತೆ ನೇರ ನನ್ನ ಮುಖ ನೋಡಿ ಹೇಳಿದಳು: "ಉಪದೇಶಿಯಮ್ಮ, ನಾನು ನಿಮ್ಮ ವೇದಕ್ಕೆ ಸೇರ್ತೇನೆ. ನನ್ನ ಮಗುವನ್ನು ನನಗೆ ತರಿಸಿಕೊಡಿ."

ನಾನು ಕೇಳಿಸಿಕೊಂಡದ್ದು ಎರಡನೆಯ ಮಾತು. ನಮ್ಮವರು ಕೇಳಿಸಿಕೊಂಡದ್ದು ಮೊದಲನೆಯದು. ಅವರನ್ನು ದೂರುವ ಹಾಗಿಲ್ಲ. ಅಷ್ಟು ವರ್ಷ ಹಾರ್ಮೋನಿಯಂ ಹೊತ್ತು ಹೆಗಲು ಇಳಿಬಿದ್ದಿತ್ತು, ಅವರ ಕೈಯಿಂದ ಒಬ್ಬರೂ ಸಭೆಗೆ ಸೇರಿರಲಿಲ್ಲ. ಬೇರೆ ಉಪದೇಶಿಗಳು ಅದನ್ನು ಆಡಿಕೊಳ್ಳುವುದೂ ಇತ್ತು. ಅವರು ಆಗಲೇ ಅಯ್ಯನವರ ಮನೆಗೆ ಓಡಿದರು. ಅಯ್ಯನವರು ಕೊಯ್ಲಿನ ಹಬ್ಬದ ಭಾನುವಾರ ದೀಕ್ಷಾಸ್ನಾನ ಎಂದು ನಿಶ್ಚಯಿಸಿ ಸಭೆಗೂ ಹೇಳಿಬಿಟ್ಟರು. ಗುಲಾಬಿ ನಮ್ಮ ಮನೆಯಲ್ಲಿ ಉಳಿದಳು. ಮಕ್ಕಳು ಮಂಚದಿಂದ ಇಳಿದರು. ಒಂದೇ ಸಮಾಧಾನ, ಇವಳು ಕೂತು ಉಣ್ಣುವವಳಲ್ಲ. ತೆಂಗಿನಕಾಯಿ ತುರಿಯುವಳು, ನೀರು ಸೇದುವಳು, ನನ್ನ ಮಸಾಲೆ ಸಾಲದು ಎಂದು ದಿನಾ ತಗಾದೆ ತೆಗೆಯುವಳು.

ಮಗುವಿನ ವಿಷಯ ಏನು ಮಾಡುವುದು ಎಂದು ನಾನು ಕೇಳಿದಾಗ ಅಯ್ಯನವರು, ಮಗು ಕಾಯಿದೆ ಪ್ರಕಾರ ತಂದೆಯದು, ನಾವು ಹೋಗಿ ತಂದೆಯ ಮನಸ್ಸು ಒಲಿಸಬೇಕು ಎಂದರು. ನಮ್ಮವರು ಹೌದೆಂದರು. ನನಗೂ ಅದೇ ಸರಿ ಅನ್ನಿಸಿತು. ಹಾಗೆ ನಾವು ಬೋಳಾರಕ್ಕೆ ಹೊರಟೆವು. ಅಯ್ಯನವರು ಕಪ್ಪು ಕೋಟಿನಲ್ಲಿ, ನಮ್ಮವರು ಎರವಲು ಕೊಡೆಯಲ್ಲಿ, ನಾನು ಒಂದು ಚಿಪ್ಪು ಬಾಳೆಹಣ್ಣು ಹಿಡಿದು.

ಮೊದಲ ಸಲ ಹೋದಾಗ ಸಂಜೀವ ಕೂರಲಿಕ್ಕೂ ಹೇಳಲಿಲ್ಲ. ಚಿನ್ನು ಅಂಗಳದಲ್ಲಿ ಮೂಗು ಸುರಿಸಿಕೊಂಡು ಕೋಳಿಯ ಹಿಂದೆ ಓಡುತ್ತಿತ್ತು, ನೋಡುವವರಿಲ್ಲ. ಅಯ್ಯನವರು ಅವನಿಗೆ ನೀವು ತಾವು ಎಂದು ಮಾತಾಡಿಸಿ, ತಂದೆಯಾದ ತಾವು ದೊಡ್ಡ ಮನಸ್ಸು ಮಾಡಬೇಕು ಎಂದರು. ಅವನನ್ನು ಅಷ್ಟು ಗೌರವದಿಂದ ಆ ಜನ್ಮದಲ್ಲಿ ಯಾರೂ ಮಾತಾಡಿಸಿರಲಿಕ್ಕಿಲ್ಲ. ಯೋಚಿಸಿ ಹೇಳ್ತೇನೆ ಎಂದ. ಎರಡನೆಯ ಸಲ ಹೋದಾಗ ಪಕ್ಕದ ಮನೆಯಿಂದ ಕುರ್ಚಿ ತರಿಸಿದ್ದ. ಹಂಚಿನ ಕಾರ್ಖಾನೆಯಲ್ಲಿ ಒಂದು ಕೆಲಸ ಕೊಡಿಸಿದರೆ ನೋಡುವ ಎಂದ. ಅಯ್ಯನವರು ಅದಕ್ಕೂ ಓಡಾಡಿದರು. ಮತ್ತೊಮ್ಮೆ ಹೋದಾಗ ಅಂಗಿ ತೊಟ್ಟು, ಮಗುವನ್ನು ಮೀಯಿಸಿ, ಕಾಡಿಗೆ ಹಚ್ಚಿ, ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಇದು ನನ್ನ ಜೀವ, ಇದನ್ನು ಹೇಗೆ ಕೊಡಲಿ ಎಂದ. ನಾವು ಬೇಕು ಬೇಕು ಎಂದಷ್ಟೂ ಅವನಿಗೆ ಆ ಮಗು ಬೇಕಾಯಿತು. ಪ್ರತಿ ಸಲವೂ ನನ್ನ ಬಾಳೆಹಣ್ಣನ್ನು ಮಾತ್ರ ಅತ್ತೆ ಮರೆಯದೆ ಒಳಗೆ ತೆಗೆದುಕೊಂಡು ಹೋದಳು. ಮನೆಗೆ ಬಂದಾಗೆಲ್ಲ ಗುಲಾಬಿ ಬಾಗಿಲಲ್ಲಿ ನಿಂತಿರುವಳು. ನಮ್ಮ ಬರಿಗೈ ನೋಡಿ ಏನೂ ಕೇಳದೆ ಒಳಗೆ ಹೋಗುವಳು. ಕೇಳಿದ್ದರೆ ಒಮ್ಮೆ ಬೈದಾದರೂ ಬಿಡುತ್ತಿದ್ದೆ. ಕೇಳದಿರುವುದನ್ನು ಸಹಿಸಲು ಆಗುತ್ತಿರಲಿಲ್ಲ.

ಹಬ್ಬದ ವಾರ ಬಂತು. ಬುಧವಾರ ಬೆಳಿಗ್ಗೆ ಅಂಗಳದಲ್ಲಿ ಒಬ್ಬ ಮುದುಕಿ ಬಂದು ನಿಂತಳು. ತಲೆಯ ಮೇಲೆ ಖಾಲಿ ಬುಟ್ಟಿ, ಬಾಯಲ್ಲಿ ಎಲೆಯಡಿಕೆ. ಗುಲಾಬಿಯ ತಾಯಿ ಅಕ್ಕು. ಕಡವು ದಾಟಿ ಬಂದಿದ್ದಳು. ಬಾ ಎಂದರೆ ಮೆಟ್ಟಿಲು ಹತ್ತಲಿಲ್ಲ. ತುಳುವಿನಲ್ಲಿ ಅವಳು ಆಡಿದ್ದನ್ನು ಕನ್ನಡದಲ್ಲಿ ಬರೆದರೆ ಅರ್ಧ ಖಾರ ಹೋಗುತ್ತದೆ, ಆದರೂ ಬರೆಯುತ್ತೇನೆ.

"ಉಪದೇಶಿಯಮ್ಮ, ನೀವು ಮಗುವನ್ನು ಯಾರ ಹತ್ತಿರ ಕೇಳಿದ್ದು?"

ಅದರ ಅಪ್ಪನ ಹತ್ತಿರ ಎಂದೆ.

"ಅವನಿಗೆ ಎಂತ ಉಂಟು ಅದರಲ್ಲಿ? ಮಗು ನನ್ನ ಮನೆಯದ್ದು. ನನ್ನ ತಾಯಿ, ನಾನು, ಗುಲಾಬಿ, ಅದು. ಅವನು ಅವನ ತಾಯಿಯ ಮನೆಯವ. ಕೋಟು ಹಾಕಿಕೊಂಡು ಹೋಗಿ ಕೈಮುಗಿದು ನನ್ನ ಮೊಮ್ಮಗಳನ್ನು ಅವನದ್ದು ಮಾಡಿ ಬಂದಿರಲ್ಲ, ನಿಮಗೆ ಯಾರು ಹೇಳಿದ್ದು?"

ನಾನು ಅಲ್ಲೇ ಕಂಬಕ್ಕೆ ಒರಗಿದೆ. ಮೊಗವೀರರಂಥ ಅಳಿಯಸಂತಾನದವರಿಗೆ ಮಕ್ಕಳು ತಾಯಿಯ ಬಳಿಗೆ, ಅಂದರೆ ತಾಯಿಯ ಕುಲಕ್ಕೆ, ಸೇರಿದವರು, ಅವರ ಮಾತು ನಡೆಸುವುದು ಅಜ್ಜಿ ಮತ್ತು ಸೋದರಮಾವ. ಇದು ಈ ಜಿಲ್ಲೆಯಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತಿರಬೇಕಾದ ವಿಷಯ. ನಮ್ಮ ಮನೆತನವೂ ಒಂದು ಕಾಲದಲ್ಲಿ ಅದೇ ಕ್ರಮದ್ದು. ಸಭೆಗೆ ಸೇರಿದ ಮೇಲೆ ಹಿರಿಯರು ಅದನ್ನು ಬಿಟ್ಟು, ಮಕ್ಕಳು ತಂದೆಯ ಹೆಸರಿಗೆ ಎಂದು ಮಾಡಿಕೊಂಡರು. ಮೂರು ತಲೆಮಾರು ಕಳೆಯುವಷ್ಟರಲ್ಲಿ ಎಷ್ಟು ಚೆನ್ನಾಗಿ ಮರೆತೆವೆಂದರೆ, ಬೇಲಿಯ ಆಚೆಯವರು ಅದನ್ನು ಬಿಟ್ಟಿಲ್ಲ ಎಂಬುದೂ ನೆನಪಾಗಲಿಲ್ಲ. ಅಯ್ಯನವರ ಊರಿನಲ್ಲಿ ಅಂಥದ್ದು ಇರಲೇ ಇಲ್ಲ. ಹೀಗೆ ಮೂರು ಜನ ದೊಡ್ಡವರು ಬಾಳೆಹಣ್ಣು ಹಿಡಿದು, ಕೇಳಬಾರದವನ ಹತ್ತಿರ ಮತ್ತೆ ಮತ್ತೆ ಕೇಳಿದ್ದು. ನದಿ ದಾಟಿ ಈ ಮುದುಕಿಯನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ನಾನು ಒಳಗೆ ತಿರುಗಿ, ಮಾರಾಯ್ತಿ, ನೀನಾದರೂ ಹೇಳಬಾರದಿತ್ತಾ ಎಂದೆ. ಗುಲಾಬಿ ತುರಿಮಣೆಯಿಂದ ಏಳಲಿಲ್ಲ.

"ನಿಮ್ಮಲ್ಲಿ ಮಕ್ಕಳು ಅಪ್ಪನದ್ದಲ್ವಾ ಅಮ್ಮ? ನಾನು ನಿಮ್ಮ ವೇದಕ್ಕೆ ಬರ್ತೇನೆ ಅಂದ ಮೇಲೆ ಚಿನ್ನುವೂ ಅವನದ್ದಾಯ್ತು ಅಂತ ತಿಳಿದೆ. ಅಯ್ಯನವರೇ ಹೋಗಿ ಅವನಿಗೆ ಕೈಮುಗಿಯುವಾಗ ನಾನು ಎಂತ ಹೇಳುವುದು?"

ಅಕ್ಕು ಎಲೆಯಡಿಕೆ ಉಗುಳಿ ಬಂದು ಉಳಿದದ್ದನ್ನು ಹೇಳಿದಳು. ಅವರ ಗುರಿಕಾರರು, ಅಂದರೆ ಅವರ ಊರಿನ ಮೊಗವೀರರ ಹಿರಿಯರು, ಒಂದು ಮಾತು ಆಡಿದರೆ ಮಗು ಅವಳ ಅಂಗಳಕ್ಕೆ ಬರುತ್ತದೆ. ಆದರೆ ಗುಲಾಬಿ ತಲೆಗೆ ನೀರು ಹಾಕಿಸಿಕೊಂಡರೆ ಆ ಮನೆಗೆ ಗುಲಾಬಿ ಇಲ್ಲ. ಮಗು ಉಳ್ಳಾಲದಲ್ಲಿ ಅಜ್ಜಿಯ ಹತ್ತಿರ, ತಾಯಿ ಜೆಪ್ಪುವಿನಲ್ಲಿ ನಮ್ಮ ಹತ್ತಿರ. ಯಾವುದು ಬೇಕು ನೋಡಿ ಎಂದು ಬುಟ್ಟಿ ಎತ್ತಿಕೊಂಡು ಗೇಟಿನ ಹೊರಗೆ ಹೋಗಿ ಕೂತಳು. ಹೋಗಲಿಲ್ಲ.

ನಾನು ಅಯ್ಯನವರನ್ನು ಕರೆಸಿದೆ. ಅವರು ಬಂದು, ಎಲ್ಲವನ್ನೂ ಕೇಳಿ, ಕನ್ನಡಕ ಒರೆಸಿಕೊಂಡರು. ನನಗೆ ಗೊತ್ತಿರಲಿಲ್ಲ ಎಂದು ಒಪ್ಪಿಕೊಂಡರು, ಅದು ಅವರ ದೊಡ್ಡತನ. ಆದರೆ ದೀಕ್ಷಾಸ್ನಾನ ನಿಲ್ಲಿಸಲು ಒಪ್ಪಲಿಲ್ಲ. "ಸಭಿಗೆ ಹೇಳಿ ಆಗೇದರಿ ಅಮ್ಮಾರ. ಇದು ಆತ್ಮದ ಮಾತದ. ಕೂಸು ಅಜ್ಜಿ ಕಡೆ ಇರ್ತದ, ಸಾಯೂದಿಲ್ಲ."

"ಸಾಯುವುದಿಲ್ಲ ಅಯ್ಯನವರೇ. ತಾಯಿಯೂ ಸಾಯುವುದಿಲ್ಲ. ನೀವು ಭಾನುವಾರ ಪ್ರಾರ್ಥನೆ ಮುಗಿಸಿ ಮನೆಗೆ ಹೋಗ್ತೀರಿ. ಸೋಮವಾರದಿಂದ ಅವಳ ಮುಖ ನೋಡುವವಳು ನಾನು."

ಅವರು, ಕರ್ತನಿಗಾಗಿ ಮನೆಮಕ್ಕಳನ್ನು ಬಿಡಬೇಕಾದೀತು ಎಂಬ ವಚನ ಎತ್ತಿದರು. ನಾನು ಮಕ್ಕಳನ್ನು ತಡೆಯಬೇಡಿ ಎಂಬ ವಚನ ಎತ್ತಿದೆ. ಅವರಿಗೆ ಅಧ್ಯಾಯ ಗೊತ್ತಿತ್ತು, ನನಗೂ ಗೊತ್ತಿತ್ತು. ಹೀಗೆ ವಚನಕ್ಕೆ ವಚನ ಕೊಡುತ್ತಾ ಇರುವಾಗ ಒಲೆಯ ಮೇಲಿನ ಸಾರು ಸೀದು ಹೋಯಿತು. ನಮ್ಮವರು ಅಷ್ಟೂ ಹೊತ್ತು ಕಿಟಕಿಯ ಹತ್ತಿರ ನಿಂತು ಹೊರಗೆ ನೋಡುತ್ತಿದ್ದರು. ಅವರ ಜನ್ಮದ ಒಂದೇ ಫಲ ಆ ತುರಿಮಣೆಯ ಮೇಲೆ ಕೂತಿತ್ತು. ಅವರು ತಿರುಗಿ ಮೆಲ್ಲಗೆ ಹೇಳಿದರು: "ಅವಳನ್ನೇ ಕೇಳುವ."

ಮದುವೆಯಾದ ಮೇಲೆ ಅವರು ಸರಿಯಾದ ಹೊತ್ತಿಗೆ ಸರಿಯಾದ ಮಾತು ಆಡಿದ್ದನ್ನು ನಾನು ಉಪಕಾರಗಳ ಲೆಕ್ಕಕ್ಕೆ ಸೇರಿಸಿದ್ದೇನೆ. ಅದೇನೂ ದೊಡ್ಡ ಲೆಕ್ಕವಲ್ಲ. ಅದರಲ್ಲಿ ಇದು ಮೊದಲನೆಯದು.

ಗುಲಾಬಿ ಕೈ ಒರೆಸಿಕೊಂಡು ಬಂದಳು. ಅಯ್ಯನವರು ಎಷ್ಟು ಮೃದುವಾಗಿ ಸಾಧ್ಯವೋ ಅಷ್ಟು ಮೃದುವಾಗಿ ಎರಡು ದಾರಿಯನ್ನೂ ಹೇಳಿದರು. ಅವಳು ಪೂರ್ತಿ ಕೇಳಿದಳು.

"ಅಯ್ಯನವರೇ, ನಿಮ್ಮ ದೇವರಿಗೆ ಅವಸರ ಉಂಟಾ?"

ಅಯ್ಯನವರು ಮತ್ತೆ ಕನ್ನಡಕ ತೆಗೆದು ಒರೆಸಿದರು. ಉಂಟು ಎನ್ನುವ ಹಾಗಿಲ್ಲ, ಇಲ್ಲ ಎನ್ನುವ ಹಾಗಿಲ್ಲ.

"ಇಲ್ಲದಿದ್ದರೆ ನಾನು ಮತ್ತೆ ಬರ್ತೇನೆ. ಚಿನ್ನು ಮತ್ತೆ ಇಷ್ಟು ಸಣ್ಣ ಇರುವುದಿಲ್ಲ."

ಅಯ್ಯನವರು ಕೊಡೆ ತೆಗೆದುಕೊಂಡು ಹೋದರು. ನನ್ನ ಹತ್ತಿರ ಹೋಗಿಬರುತ್ತೇನೆ ಎಂದೂ ಹೇಳಲಿಲ್ಲ. ನಾನು ಸೀದ ಪಾತ್ರೆಗೆ ನೀರು ಹಾಕಿ ನೆನೆಯಲು ಬಿಟ್ಟು, ಗುಲಾಬಿ ಮತ್ತು ಅಕ್ಕುವಿನ ಜೊತೆ ದೋಣಿ ಹತ್ತಿದೆ. ನಮ್ಮವರು ಬರುತ್ತೇನೆ ಎಂದರು, ಬೇಡ ಎಂದೆ. ಅವರು ಬಂದರೆ ಹಾಡುತ್ತಾರೆ.

ಗುರಿಕಾರರ ಅಂಗಳದಲ್ಲಿ ಬಲೆಗಳು ಒಣಗುತ್ತಿದ್ದವು. ಹಿರಿಯರು ನಾಲ್ಕೈದು ಜನ, ಗುಲಾಬಿಯ ಸೋದರಮಾವ ಒಂದು ಬದಿಯಲ್ಲಿ ಮುಖ ಊದಿಸಿಕೊಂಡು. ನನ್ನನ್ನು ನೋಡಿದ ಕೂಡಲೇ ಒಬ್ಬ ಮುದುಕ, "ಉಪದೇಶಿಯಮ್ಮ ಬಲೆ ಹಾಕಿದ್ದು, ಮೀನು ವಾಪಸ್ ಕೊಡ್ಲಿಕ್ಕೆ ಬಂದದ್ದಾ?" ಎಂದ. ಎಲ್ಲರೂ ನಕ್ಕರು. ಮೀನಲ್ಲ, ನಿಮ್ಮ ಮಗಳು ಎಂದೆ. ಗುರಿಕಾರರು ನಗು ನಿಲ್ಲಿಸಿ ಒಂದೊಂದಾಗಿ ಕೇಳಿದರು. ನೀರು ಹಾಕಿದ್ದೀರಾ? ಇಲ್ಲ. ಹಾಕುತ್ತೇವೆ ಎಂದು ಹೇಳಿದ್ದೀರಾ? ಹೇಳಿದ್ದೇವೆ. ನಿಮ್ಮಲ್ಲಿ ಊಟ ಮಾಡಿದ್ದಾಳಾ?

"ಮಾಡಿದ್ದಾಳೆ. ಮೀನು ನಿಮ್ಮದೇ. ಮಸಾಲೆಯೂ ಅವಳು ಹೇಳಿದ ಹಾಗೆಯೇ. ನನ್ನದು ಅವಳಿಗೆ ಹಿಡಿಸಲಿಲ್ಲ."

ಸೋದರಮಾವನಿಗೂ ನಗು ತಡೆಯಲಾಗಲಿಲ್ಲ. ಅಲ್ಲಿಗೆ ಅರ್ಧ ಪಂಚಾಯಿತಿ ಮುಗಿದ ಹಾಗೆ. ಸಮುದ್ರದಲ್ಲಿ ಮುಳುಗಿ ಬಂದು, ದೈವಕ್ಕೆ ತಪ್ಪು ಕಾಣಿಕೆ ಇಟ್ಟು ಮನೆ ಸೇರಲಿ ಎಂದಾಯಿತು. ಆ ಮಾತು ನನಗೆ ಇಷ್ಟವಾಗಲಿಲ್ಲ, ಈಗಲೂ ಆಗುವುದಿಲ್ಲ. ನನ್ನ ಮನೆಯಲ್ಲಿ ಇದ್ದದ್ದನ್ನು ತೊಳೆಯಲಿಕ್ಕೆ ಎಂತ ಉಂಟು? ಆದರೂ ಒಪ್ಪಿದೆ. ನಾನು ಅಲ್ಲಿಗೆ ಹೋದದ್ದು ಮಗುವಿಗಾಗಿ.

ಮರುದಿನ ಅವರೇ ಜನ ಕಳಿಸಿ ಸಂಜೀವನನ್ನು ಮಗುವಿನ ಸಮೇತ ಬರಹೇಳಿದರು. ನಾನೂ ಹೋದೆ. ಅವನು ಅದೇ ಅಂಗಿ ತೊಟ್ಟು ಬಂದ. ಮಗುವನ್ನು ಬಿಡದೆ ಹಿಡಿದುಕೊಂಡು, ಮಿಶನ್ನಿನ ಅಯ್ಯನವರೇ ಮನೆಗೆ ಬಂದು ತಂದೆಯಾದ ನನ್ನ ಹತ್ತಿರ ಕೇಳಿದ್ದಾರೆ ಎಂದ. ನನ್ನ ಕಡೆ ತೋರಿಸಿ, ಇವರೂ ಬಂದಿದ್ದರು ಎಂದ. ನಾಚಿಕೆಯಿಂದ ನನಗೆ ಅಲ್ಲಿ ನಿಂತದ್ದೇ ಸಾಕಾಯಿತು.

ಗುರಿಕಾರರು ತಲೆಯೆತ್ತಲಿಲ್ಲ. "ಅವರು ಕೇಳಿದ್ದು ಅವರ ಕ್ರಮದಲ್ಲಿ. ನೀನು ಹುಟ್ಟಿದ್ದು ಯಾವ ಕ್ರಮದಲ್ಲಿ?"

ಸಂಜೀವ ತಾಯಿಯ ಮನೆಯಲ್ಲೇ ಇರುವವ, ತಾಯಿಯ ಪಾಲಿನ ದೋಣಿಯಲ್ಲೇ ದುಡಿಯುವವ. ಸ್ವಲ್ಪ ಹೊತ್ತು ಮಗುವಿನ ತಲೆ ಸವರಿದ. ಆಗ ಮಾತ್ರ ಅವನ ಮೇಲೆ ನನಗೆ ಕನಿಕರ ಬಂತು. ಮಗು ನೋಡಬೇಕು ಅನಿಸಿದಾಗ ಕುಡಿಯದೆ ಬಾ, ಯಾರೂ ಬೇಡ ಅನ್ನುವುದಿಲ್ಲ ಎಂದರು ಗುರಿಕಾರರು. ಅವನು ಚಿನ್ನುವನ್ನು ನೆಲಕ್ಕೆ ಇಳಿಸಿದ. ಅದು ತಾಯಿಯ ಕಡೆಗೆ ಓಡಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಅದು ಓಡಲಿಲ್ಲ. ಒಣಗಲು ಹಾಕಿದ್ದ ಸಿಗಡಿಯ ಹತ್ತಿರ ಹೋಗಿ ಕೂತು ಒಂದನ್ನು ಬಾಯಿಗೆ ಹಾಕಿಕೊಂಡಿತು. ಗುಲಾಬಿ ಹೋಗಿ ಪಕ್ಕದಲ್ಲಿ ಕೂತಳು. ಎಷ್ಟೋ ಹೊತ್ತು ಮುಟ್ಟಲಿಲ್ಲ.

ಭಾನುವಾರ ಕೊಯ್ಲಿನ ಹಬ್ಬ. ಚರ್ಚಿನ ಮುಂಭಾಗದಲ್ಲಿ ಸೌತೆ, ಕುಂಬಳ, ಬಾಳೆಗೊನೆ, ಭತ್ತದ ತೆನೆ ರಾಶಿ. ಮೊದಲ ಬೆಂಚು ಖಾಲಿ. ಅಲ್ಲಿ ಯಾರು ಕೂರಬೇಕಿತ್ತು ಎಂದು ಸಭೆಗೆಲ್ಲ ಗೊತ್ತು. ನಮ್ಮವರು ತಲೆ ತಗ್ಗಿಸಿ ಕೂತಿದ್ದರು, ಹಿಂದಿನಿಂದ ಇನ್ನೊಬ್ಬ ಉಪದೇಶಿ ಮೆಲ್ಲಗೆ ಏನೋ ಹೇಳಿ ಕೆಮ್ಮಿದ. ಅಯ್ಯನವರು ಅಂದಿನಿಂದ ನನ್ನ ಹತ್ತಿರ ಮಾತಾಡಿರಲಿಲ್ಲ. ಬಾಗಿಲಲ್ಲಿ ಎಲ್ಲರ ಕೈ ಕುಲುಕಿದವರು ನನ್ನ ಕೈಗೆ ಬಂದಾಗ ಬಾಳೆಗೊನೆ ಸರಿಪಡಿಸಲು ಹೋದರು. ದೀರ್ಘ ಪ್ರಾರ್ಥನೆ ಶುರುವಾಯಿತು. ಎಲ್ಲರೂ ಕಣ್ಣು ಮುಚ್ಚಿದೆವು.

ಭಾನುವಾರ ಚರ್ಚು ಬಿಡುವ ಹೊತ್ತಿಗೆ ಮೀನಿನ ಹೆಂಗಸರು ಗೇಟಿನ ಹತ್ತಿರ ಬುಟ್ಟಿ ಇಳಿಸಿ ಕಾಯುವುದು ಜೆಪ್ಪುವಿನ ವಾಡಿಕೆ. ಸಭೆಯವರ ಮಧ್ಯಾಹ್ನದ ಊಟಕ್ಕೆ ಅವರು ಬೇಕು. ಪ್ರಾರ್ಥನೆ ಮುಗಿಯುವ ಮೊದಲೇ ಬಾಗಿಲ ಕಡೆಯಿಂದ ಗೆಜ್ಜೆಯ ಸದ್ದು. ನಾನು ಕಣ್ಣು ಬಿಟ್ಟೆ. ಚಿನ್ನು ಒಂದೊಂದೇ ಬೆಂಚಿನ ತುದಿ ಮುಟ್ಟುತ್ತಾ ನಡುದಾರಿಯಲ್ಲಿ ಬರುತ್ತಾ ಇದೆ. ಗೇಟಿನಲ್ಲಿ ಬುಟ್ಟಿ ಬಿಟ್ಟು ಬಂದ ಗುಲಾಬಿ ಬಾಗಿಲಲ್ಲಿ ನಿಂತು ಕೈಸನ್ನೆ ಮಾಡಿ ಕರೆಯುತ್ತಿದ್ದಾಳೆ, ಒಳಗೆ ಬರಲೋ ಬೇಡವೋ ಎಂದು ಅವಳಿಗೆ ತಿಳಿಯದು. ಮಗು ಸೀದಾ ಮುಂದೆ ಹೋಗಿ ರಾಶಿಯಿಂದ ಒಂದು ಬಾಳೆಹಣ್ಣು ಕಿತ್ತುಕೊಂಡಿತು. ಇಡೀ ಗೊನೆ ಜಾರಿ ಬಿತ್ತು.

ಅಯ್ಯನವರು ಪ್ರಾರ್ಥನೆ ನಿಲ್ಲಿಸಿದರು. ಕೆಳಗೆ ನೋಡಿದರು. ಮಗು ಮೇಲೆ ನೋಡಿ ಹಣ್ಣನ್ನು ಅವರ ಕಡೆಗೆ ಹಿಡಿಯಿತು, ಸುಲಿದುಕೊಡಿ ಎಂದು. ಅವರು ಬಾಗಿಲಲ್ಲಿ ನಿಂತವಳನ್ನು ನೋಡಿದರು, ಖಾಲಿ ಬೆಂಚನ್ನು ನೋಡಿದರು. ಮತ್ತೆ ಅಷ್ಟು ದೊಡ್ಡ ಸಭೆಯ ಎದುರು ಆ ಹಣ್ಣನ್ನು ಸುಲಿದು ಅದರ ಕೈಯಲ್ಲಿಟ್ಟು, ಕನ್ನಡಕದ ಮೇಲಿಂದ ನನ್ನ ಕಡೆಗೆ ತಿರುಗಿದರು.

"ಅಮ್ಮಾರ, ಈ ಕೂಸನ್ನ ಹಿಡೀರಿ. ನಾ ಪ್ರಾರ್ಥನಾ ಮುಗಸಬೇಕು."

ಎದ್ದು ಹೋಗಿ ಎತ್ತಿಕೊಂಡೆ. ಒಳ್ಳೆಯ ಭಾರ ಇತ್ತು. ಹಣ್ಣು ತಿಂದ ಕೈಯನ್ನು ನನ್ನ ಹಬ್ಬದ ಸೀರೆಗೆ ಒರೆಸಿತು. ಆಮೆನ್ ಆಗುವವರೆಗೆ ಹಿಡಿದುಕೊಂಡಿದ್ದೆ, ಮತ್ತೆ ಹೊರಗೆ ತೆಗೆದುಕೊಂಡು ಹೋಗಿ ಅದರ ತಾಯಿಯ ಕೈಗೆ ಕೊಟ್ಟೆ.